ಮೂರೂಕಾಲರ ರೈಲು

ನಮ್ಮ ಬೆಳುವಾಯಿಗೆ ರೈಲು ಇಲ್ಲ. ಮೂಡುಬಿದಿರೆಗೂ ಇಲ್ಲ. ರೈಲು ನೋಡಬೇಕಾದರೆ ಎರಡು ಬಸ್ಸು ಹಿಡಿದು, ಕಿನ್ನಿಗೋಳಿ ದಾಟಿ ಮುಲ್ಕಿಗೆ ಹೋಗಬೇಕು. ಆದರೂ ನಾನು ಬೆಳೆದ ಮನೆಯಲ್ಲಿ ಒಂದು ರೈಲಿನ ಮಾತು ಬಾರದ ದಿನ ಇರಲಿಲ್ಲ. ಮಂಗಳೂರಿನಿಂದ ಬೊಂಬಾಯಿಗೆ ಹೋಗುವ ಎಕ್ಸ್‌ಪ್ರೆಸ್ ಅದು. ಅದಕ್ಕೊಂದು ಹೆಸರಿದೆ, ಆದರೆ ಅಮ್ಮ ಯಾವತ್ತೂ ಅದನ್ನು ಹೆಸರಿನಿಂದ ಕರೆದವಳಲ್ಲ. ಮುಲ್ಕಿಗೆ ಅದು ಮಧ್ಯಾಹ್ನ ಮೂರೂಕಾಲಕ್ಕೆ ಬರುತ್ತಿತ್ತು, ಎರಡು ನಿಮಿಷ ನಿಲ್ಲುತ್ತಿತ್ತು, ಹಾಗಾಗಿ ನಮಗೆ ಅದು ಮೂರೂಕಾಲರ ರೈಲು. ಅಮ್ಮನ ತಮ್ಮ, ನಮ್ಮ ಮಾವ, ಬೊಂಬಾಯಿಯಲ್ಲಿ ಆರು ಮೇಜಿನ ಒಂದು ಹೋಟೆಲು ನಡೆಸುತ್ತಿದ್ದರು. ಊರಿನವರು ಯಾರಾದರೂ ಆ ರೈಲಿನಲ್ಲಿ ಹೋಗುತ್ತಾರೆಂದು ಗೊತ್ತಾದರೆ ಸಾಕು, ಅಮ್ಮ ಮಾವನಿಗೆಂದು ಒಂದು ಕಟ್ಟು ಸಿದ್ಧ ಮಾಡುತ್ತಿದ್ದಳು. ಹಲಸಿನ ಹಪ್ಪಳ, ಕುಚ್ಚಲಕ್ಕಿ, ಪುನರ್ಪುಳಿಯ ಒಣ ಸಿಪ್ಪೆ, ಬೇರೆ ಡಬ್ಬಿಯಲ್ಲಿ ಒಣಮೀನು. ಚೀಲದ ಬಾಯಿಯನ್ನು ಅಮ್ಮ ದಬ್ಬಣದಿಂದ ಹೊಲಿಯುತ್ತಿದ್ದಳು, ಮೇಲೆ ಮಾವನ ಹೆಸರು ಬರೆಯುವುದು ನನ್ನ ಕೆಲಸ. ಮಂಗಳೂರಿನಲ್ಲಿ ರೈಲು ಹತ್ತಿದವರು ಮುಲ್ಕಿಯಲ್ಲಿ ಬಾಗಿಲ ಬಳಿ ನಿಂತಿರಬೇಕು, ನಾವು ಓಡಿಹೋಗಿ ಚೀಲ ಕೊಡಬೇಕು. ಹೀಗೆ ಕಟ್ಟು ಹಿಡಿದುಕೊಂಡು ಬಂದವರು ಪ್ಲಾಟ್‌ಫಾರಮ್ಮಿನಲ್ಲಿ ನಮ್ಮಂತೆ ಇನ್ನೂ ಹತ್ತಾರು ಜನ ಇರುತ್ತಿದ್ದರು. ರೈಲು ಹತ್ತುವವರಿಗಿಂತ ಚೀಲ ಹತ್ತಿಸುವವರೇ ಹೆಚ್ಚು. ಬೊಂಬಾಯಿಯವರೆಲ್ಲ ಮೇ ತಿಂಗಳಲ್ಲಿ ಊರಿಗೆ ಬಂದು ಮೇ ತಿಂಗಳಲ್ಲೇ ಹಿಂದಿರುಗುತ್ತಿದ್ದುದರಿಂದ ನಮ್ಮ ಮುಲ್ಕಿ ಪ್ರಯಾಣಗಳೆಲ್ಲ ಬೇಸಗೆಯವು. ಮಳೆಗಾಲದಲ್ಲಿ ಆ ಸ್ಟೇಷನ್ನನ್ನು ನಾವು ಒಮ್ಮೆಯೂ ನೋಡಿರಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ. ನಾನು ಬರೆಯಹೊರಟಿರುವ ತಪ್ಪಿಗೆ ಎಡೆಯಾದದ್ದು ಇದೇ.

ಮನೆ ಐದು ಸೆಂಟ್ಸ್ ಜಾಗದ್ದು, ಸರಕಾರ ಕೊಟ್ಟದ್ದು. ಒಂದು ಜಗಲಿ, ನಡುಕೋಣೆ, ಅಡುಗೆಮನೆ. ಆಮೇಲೆ ಮಾವ ಬಲಬದಿಗೆ ಇನ್ನೊಂದು ಕೋಣೆ ಕಟ್ಟಿಸಿದರು. ಅದಕ್ಕೆ ಕೆಂಪು ಸಿಮೆಂಟಿನ ನೆಲ, ಫ್ಯಾನು, ಆಳೆತ್ತರದ ಕನ್ನಡಿ ಇರುವ ಕಬ್ಬಿಣದ ಕಪಾಟು. ವರ್ಷಕ್ಕೆ ಹದಿನೈದು ದಿನ ಮಾವ ಅದರಲ್ಲಿ ಮಲಗುತ್ತಿದ್ದರು. ಉಳಿದ ದಿನಗಳಲ್ಲಿ ಬಾಗಿಲಿಗೆ ಚಿಲಕ. ವಾರಕ್ಕೊಮ್ಮೆ ನೆಲ ಒರೆಸುವ ನೆವದಲ್ಲಿ ನಾನು ಒಳಗೆ ಹೋಗಿ ಆ ಕನ್ನಡಿಯ ಮುಂದೆ ಬೇಕೆಂದೇ ತಡಮಾಡುತ್ತಿದ್ದೆ. ಅಪ್ಪ ಕಕ್ಕಿಂಜೆಯ ಕಡೆ ಒಬ್ಬರ ರಬ್ಬರ್ ತೋಟದಲ್ಲಿ ಟ್ಯಾಪಿಂಗ್ ಮಾಡಿಕೊಂಡು ಅಲ್ಲೇ ಇರುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು. ಅವರು ಜಗಲಿ ಹತ್ತುವ ಮೊದಲೇ ರಬ್ಬರ್ ಹಾಲಿನ ಹುಳಿ ವಾಸನೆ ಒಳಗೆ ಬರುತ್ತಿತ್ತು. ಒಳ್ಳೆಯ ಮನುಷ್ಯ, ಆದರೆ ನಮ್ಮ ಕಡೆ ಮಕ್ಕಳ ವಿಷಯದಲ್ಲಿ ಅಮ್ಮನ ಅಣ್ಣತಮ್ಮಂದಿರ ಮಾತೇ ಮಾತು. ಅಪ್ಪ ಊಟ ಮಾಡಿ, ಹಿತ್ತಿಲಲ್ಲಿ ಏನಾದರೂ ಕಡಿದು ಕೊಚ್ಚಿ, ಸೋಮವಾರ ಬೆಳಿಗ್ಗೆ ಹೊರಟುಬಿಡುತ್ತಿದ್ದರು.

ನಾನು ಏಳನೆಯ ತರಗತಿ ಮುಗಿಸಿ ಶಾಲೆ ಬಿಟ್ಟೆ. ಯಾರೂ ಹೊಡೆದು ಬಿಡಿಸಲಿಲ್ಲ. ಅಮ್ಮನ ಹೆಬ್ಬೆರಳಿನ ಗಂಟು ಊದಿಕೊಂಡು ಬೀಡಿ ಸುತ್ತುವುದು ಕಷ್ಟವಾಗಿತ್ತು, ನನ್ನ ಕೈ ಅಷ್ಟರಲ್ಲಿ ಚುರುಕಾಗಿತ್ತು. ಜೂನಿನಲ್ಲಿ ಶಾಲೆ ಶುರುವಾದಾಗ ಅಮ್ಮ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ, ಮೊರವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. ಎಲೆ ನೆನೆಸುವುದು, ಕತ್ತರಿಸುವುದು, ಹೊಗೆಸೊಪ್ಪು ತುಂಬಿ ಸುತ್ತುವುದು, ನೂಲು ಬಿಗಿಯುವುದು, ಸಂಜೆ ಕಟ್ಟುಗಳನ್ನು ಬೀಡಿ ಬ್ರಾಂಚಿಗೆ ಕೊಂಡುಹೋಗಿ ಬೀಡಿ ಪರೀಕ್ಷಿಸುವ ಚೆಕ್ಕರ್ ಮುಂದೆ ಇಡುವುದು. ಇದರ ನಡುವೆ ನನ್ನ ತಂಗಿ ಪ್ರೇಮ ಶಾಲೆಯಿಂದ ಬಂದು ಜಗಲಿಯ ಕಂಬಕ್ಕೆ ಒರಗಿ ಓದುತ್ತಿದ್ದಳು. ನನಗಿಂತ ಐದು ವರ್ಷಕ್ಕೆ ಚಿಕ್ಕವಳು. ಬಣ್ಣ ಅಮ್ಮನದ್ದು, ನಗು ಮಾವನದ್ದು ಎಂದು ಬಂದವರೆಲ್ಲ ಹೇಳುತ್ತಿದ್ದರು. ನನ್ನನ್ನು ನೋಡಿ, "ಇವಳಿಗೆ ಕೆಲಸ ಗೊತ್ತುಂಟು" ಎನ್ನುತ್ತಿದ್ದರು. ಬಂಗುಡೆ ಮೀನಿನ ನಡುತುಂಡು ಅವಳ ಬಟ್ಟಲಿಗೆ ಹೋಗುವಾಗ, ಮಾವ ತಂದ ಫ್ರಾಕು ಯಾವಾಗಲೂ ಅವಳ ಅಳತೆಗೇ ಇರುವಾಗ, ನಾನು ನನ್ನ ಕೆಲಸದ ಹೊಗಳಿಕೆಯನ್ನು ನೆನೆದುಕೊಂಡು ಸಮಾಧಾನ ಮಾಡಿಕೊಳ್ಳಲು ನೋಡುತ್ತಿದ್ದೆ. ಆಗುತ್ತಿರಲಿಲ್ಲ.

ಆ ರೈಲು ನಿಲ್ಲುವ ಸ್ಟೇಷನ್ನುಗಳನ್ನು ಅವಳಿಗೆ ಬಾಯಿಪಾಠ ಮಾಡಿಸಿದವಳು ನಾನು. ಮಾವ ಒಮ್ಮೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನ್ನೆಲ್ಲ ಹೇಳಿದ್ದರು. ಆಗ ಪ್ರೇಮನಿಗೆ ಮಾತೂ ಸರಿ ಬರುತ್ತಿರಲಿಲ್ಲ. ನಾನು ಅದನ್ನು ಬೀಡಿ ಸುತ್ತುವ ಲಯಕ್ಕೆ ಹೊಂದಿಸಿಕೊಂಡಿದ್ದೆ. ಒಂದು ಬೀಡಿಗೆ ಒಂದು ಸ್ಟೇಷನ್. ಮುಲ್ಕಿ, ಉಡುಪಿ, ಕುಂದಾಪುರ, ಭಟ್ಕಳ, ಕುಮಟಾ, ಕಾರವಾರ, ಮಡಗಾಂವ್, ರತ್ನಾಗಿರಿ... ಠಾಣೆಗೆ ತಲುಪುವಷ್ಟರಲ್ಲಿ ಅರ್ಧ ಕಟ್ಟು ಆಗುತ್ತಿತ್ತು. ಕಂಬಕ್ಕೆ ಒರಗಿದ ಪ್ರೇಮ ಅದನ್ನು ಕೇಳಿ ಕೇಳಿ ನನ್ನ ಜೊತೆ ಹೇಳತೊಡಗಿದಳು, ತಪ್ಪಿದಲ್ಲಿ ನಾನು ತಿದ್ದಿದೆ. ಮರುವರ್ಷ ಮೇ ತಿಂಗಳಲ್ಲಿ ಮಾವ ಬಂದರು. ಮಧ್ಯಾಹ್ನದ ಊಟವಾಗಿ ಜಗಲಿಯಲ್ಲಿ ವೀಳ್ಯ ಹಾಕುತ್ತಾ ಕೂತಿದ್ದರು.

"ಜಲಜಾ, ನಮ್ಮ ರೈಲು ಎಲ್ಲೆಲ್ಲಿ ನಿಲ್ತದೆ, ನೆನಪುಂಟಾ ನಿಂಗೆ?"

ನನ್ನ ಹೆಸರು ಹಿಡಿದೇ ಕೇಳಿದ್ದರು. ನನ್ನ ಬಾಯಲ್ಲಿ ನೂಲಿನ ತುದಿ ಇತ್ತು, ಅದನ್ನು ತೆಗೆದು, ಗಂಟಲು ಸರಿಮಾಡಿಕೊಂಡು, "ಮುಲ್ಕಿ..." ಎನ್ನುವಷ್ಟರಲ್ಲಿ ಪ್ರೇಮ ಕಂಬ ಬಿಟ್ಟು ಅಂಗಳದ ಮಧ್ಯಕ್ಕೆ ಹೋಗಿ, ಕೈಕಟ್ಟಿ ನಿಂತು, ಶಾಲೆಯಲ್ಲಿ ಪದ್ಯ ಹೇಳುವಂತೆ ಒಂದೂ ತಪ್ಪದೆ ಹೇಳಿ ಮುಗಿಸಿದಳು. ಕೊನೆಗೆ ರೈಲಿನ ಸೀಟಿಯನ್ನೂ ಊದಿದಳು. ಮಾವ ತೊಡೆ ತಟ್ಟಿ ನಕ್ಕರು.

"ಅಯ್ಯೋ ಮಾರಾಯ್ತಿ! ನಮ್ಮ ಹೋಟೆಲಿನ ರಾಮಣ್ಣನಿಗೂ ಇಷ್ಟು ಗೊತ್ತಿಲ್ಲ. ಯಾರು ಕಲಿಸಿದ್ದು ನಿಂಗೆ?"

"ಯಾರೂ ಇಲ್ಲ ಮಾವ. ಹಾಗೇ ಬಂತು."

ಅವಳು ಹತ್ತು ವರ್ಷದ ಹುಡುಗಿ. ಅದರಲ್ಲಿ ಮೋಸವೇನೂ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ. ಕೇಳಿ ಕಲಿತದ್ದನ್ನು ಮಕ್ಕಳು ತಮ್ಮದೇ ಎಂದು ತಿಳಿಯುತ್ತಾರೆ. ಆದರೆ ಅಂದು ಆ ಮಾತು ನನಗೆ ಬೆರಳಿನ ಉಗುರಿನ ಒಳಗೆ ಸಿಬರು ಹೊಕ್ಕಂತೆ ಆಯಿತು. ಮಾವ ಅಮ್ಮನ ಕಡೆ ತಿರುಗಿದರು.

"ಅಕ್ಕಾ, ಇವಳನ್ನು ನಂಗೆ ಕೊಡು. ಅಲ್ಲಿ ಒಳ್ಳೆ ಶಾಲೆಗೆ ಹಾಕ್ತೇನೆ. ನಂಗೂ ಹೆಣ್ಣುಮಕ್ಕಳಿಲ್ಲ. ಇವಳು ಇಲ್ಲಿ ಕೂತು ಬೀಡಿ ಕಟ್ಟುವ ಜನ ಅಲ್ಲ."

"ಕೊಂಡುಹೋಗು. ನಿನ್ನ ಸೊಸೆ ಅಲ್ವಾ? ಜಲಜನನ್ನು ಕೇಳಿದ್ರೆ ಕೊಡ್ಲಿಕ್ಕೆ ಆಗ್ತಿರ್ಲಿಲ್ಲ ನೋಡು. ಅವಳು ನನ್ನ ಬಲಗೈ."

ಬಲಗೈ ಎಲ್ಲಿಗೂ ಹೋಗುವಂತಿಲ್ಲ ಎನ್ನುವುದು ಆ ಹೊಗಳಿಕೆಯ ಒಳಗೇ ಇತ್ತು. ಆ ವಾರ ಅಪ್ಪ ಬಂದಾಗ ಅಮ್ಮ ವಿಷಯ ತಿಳಿಸಿದಳು. "ನಿನ್ನ ತಮ್ಮ ಹೇಳಿ ಆಯ್ತಲ್ಲ, ನನ್ನ ಹತ್ರ ಎಂತ ಕೇಳುದು?" ಎಂದು ಅಪ್ಪ ಹಾರೆ ಹಿಡಿದು ಹಿತ್ತಿಲಿಗೆ ಹೋದರು. ಏರ್ಪಾಡು ಹೀಗೆ ಆಯಿತು: ಮಾವ ಮೊದಲು ಹಿಂದಿರುಗಿ ಶಾಲೆಯಲ್ಲಿ ಜಾಗ ಕೇಳಿಡುವುದು. ಅವರ ಹೋಟೆಲಿನ ಅಡುಗೆಯ ರಾಮಣ್ಣ ರಜೆ ಮುಗಿಸಿ ಜೂನ್ ತಿಂಗಳ ಒಂದು ಶನಿವಾರ ಮಂಗಳೂರಿನಿಂದ ಹೊರಡುವವರಿದ್ದರು. ಪ್ರೇಮನ ಟಿಕೆಟ್ಟೂ ಅವರ ಬಳಿಯೇ ಇರುತ್ತದೆ. ಮುಲ್ಕಿಯಲ್ಲಿ ಅವರು ಬಾಗಿಲಲ್ಲಿ ನಿಂತಿರುತ್ತಾರೆ, ನಾವು ಹುಡುಗಿಯನ್ನು ಹತ್ತಿಸಬೇಕು. ಸೋಮವಾರ ಅವಳನ್ನು ಶಾಲೆಯವರಿಗೆ ತೋರಿಸಬೇಕು. ಇಷ್ಟು ವರ್ಷ ಚೀಲ ಹತ್ತಿಸಿದ ಹಾಗೆಯೇ, ಈ ಸಲ ಹುಡುಗಿ. ಹೊತ್ತಿನ ಬಗ್ಗೆ ಯಾರೂ ಮಾತಾಡಲಿಲ್ಲ. ಮೂರೂಕಾಲರ ರೈಲು ಎಂದ ಮೇಲೆ ಹೊತ್ತು ಕೇಳುವುದು ಏನಿದೆ?

ಆಮೇಲಿನ ಮೂರು ವಾರ ನಮ್ಮ ಮನೆ ಪ್ರೇಮನ ಮನೆಯಾಯಿತು. ಮಾವನ ಕೋಣೆಯ ಚಿಲಕ ತೆಗೆದು ಅಮ್ಮ ಅವಳನ್ನು ಅಲ್ಲಿ ಮಲಗಿಸಿದಳು, ಫ್ಯಾನಿನ ಕೆಳಗೆ ಮಲಗಿ ಅಭ್ಯಾಸವಾಗಲಿ ಎಂದು. ನಾನು ಒರೆಸಿದ ನೆಲದ ಮೇಲೆ ಅವಳು ಚಾಪೆ ಹಾಸಿಕೊಂಡಳು. ಅಕ್ಕಪಕ್ಕದವರು ಬಂದು ಅವಳ ಗಲ್ಲ ಹಿಡಿದು ನೋಡಿ ಹೋದರು. ಅವಳು ಎಲ್ಲಿಂದಲೋ ನಾಲ್ಕು ಹಿಂದಿ ಪದ ಕಲಿತು ಬಂದು, ನೀರು ಬೇಕಾದರೆ ಪಾನಿ ಎನ್ನತೊಡಗಿದಳು. ಒಂದು ಮಧ್ಯಾಹ್ನ ನನ್ನ ಮೊರದ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕೇಳಿದಳು:

"ಅಕ್ಕಾ, ಬೊಂಬಾಯಿಯಲ್ಲಿ ಬೀಡಿ ಕಟ್ಟುವವರು ಇಲ್ಲ ಅಂತೆ, ಹೌದಾ?"

"ನೀನು ಹೋಗ್ತಿಯಲ್ಲ, ನೋಡಿ ಹೇಳು."

"ನಾನು ಬರುವಾಗ ನಿಂಗೆ ಎಂತ ತರುದು?"

"ನೀನು ಬರದಿದ್ರೆ ಸಾಕು."

ಅವಳು ತಮಾಷೆ ಎಂದುಕೊಂಡು ನಕ್ಕಳು. ಅಂದು ಸಂಜೆ ನಾನು ಅವಳ ಹೊಸ ಚಪ್ಪಲಿಯ ಒಂದು ಕಾಲನ್ನು ಬೀಡಿ ಎಲೆಯ ಗೋಣಿಯೊಳಗೆ ಹುಗಿದಿಟ್ಟೆ. ಮನೆಯೆಲ್ಲ ಹುಡುಕಿದರು. ನಾಯಿ ಕಚ್ಚಿಕೊಂಡು ಹೋಗಿರಬೇಕೆಂದು ಪ್ರೇಮ ಅಳತೊಡಗಿದಾಗ ನನಗೇ ಹೆದರಿಕೆಯಾಗಿ, ಗೋಣಿ ಕೊಡವಿ, "ಇಲ್ಲಿ ಉಂಟಲ್ಲ, ಕಣ್ಣಿಲ್ವಾ ನಿಮಗೆ?" ಎಂದು ಎತ್ತಿ ಕೊಟ್ಟೆ. ಅಮ್ಮ, "ಜಲಜ ಇಲ್ಲದಿದ್ರೆ ಈ ಮನೆಯಲ್ಲಿ ಒಂದು ವಸ್ತು ಸಿಗ್ಲಿಕ್ಕಿಲ್ಲ" ಎಂದಳು. ಅಷ್ಟು ಸಣ್ಣ ಕೇಡಿಗೆ ಅಷ್ಟು ದೊಡ್ಡ ಹೊಗಳಿಕೆ ಸಿಕ್ಕಿತು. ನಾನು ಮಾಡಿದ್ದು ಯಾರಿಗೂ ಗೊತ್ತಾಗುವುದಿಲ್ಲ ಎಂಬ ಧೈರ್ಯ ನನಗೆ ಬಂದದ್ದು ಅಂದೇ ಇರಬೇಕು.

ಬೀಡಿ ಬ್ರಾಂಚಿನಲ್ಲಿ ನಮ್ಮ ಸರದಿ ಬರುವವರೆಗೆ ಕೂರಲು ಒಂದು ಬೆಂಚು ಇತ್ತು. ಚೆಕ್ಕರ್ ಓದಿ ಬಿಟ್ಟ ಪೇಪರು ಅದರ ಮೇಲೆ ಬಿದ್ದಿರುತ್ತಿತ್ತು. ಬೇರೆ ಹೆಂಗಸರು ಮಾತಾಡುತ್ತಿದ್ದರು, ನಾನು ಪೇಪರು ಓದುತ್ತಿದ್ದೆ. ಶಾಲೆ ಬಿಟ್ಟ ಮೇಲೆ ನನಗೆ ಉಳಿದ ಓದು ಅದೊಂದೇ, ಹಾಗಾಗಿ ಮರಣದ ಸುದ್ದಿಯಿಂದ ಹಿಡಿದು ಟೆಂಡರಿನವರೆಗೆ ಒಂದಕ್ಷರ ಬಿಡುತ್ತಿರಲಿಲ್ಲ. ಪ್ರೇಮ ಹೊರಡುವ ಎರಡು ದಿನ ಮೊದಲು, ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ಒಂದು ಸುದ್ದಿ ಇತ್ತು. ಕರಾವಳಿಯ ರೈಲುಗಳಿಗೆ ಮಳೆಗಾಲದ ವೇಳಾಪಟ್ಟಿ ಶುರುವಾಗಿದೆ; ಗುಡ್ಡ ಜರಿಯುವ ಜಾಗಗಳಲ್ಲಿ ನಿಧಾನ ಓಡಿಸಬೇಕಾದ್ದರಿಂದ ಬೊಂಬಾಯಿ ರೈಲು ಮಂಗಳೂರಿನಿಂದ ಒಂದೂವರೆ ಗಂಟೆ ಮುಂಚೆ ಹೊರಡುತ್ತದೆ. ನಾನು ಅದನ್ನು ಮೂರು ಸಲ ಓದಿದೆ. ಮೂರೂಕಾಲರಲ್ಲಿ ಒಂದೂವರೆ ಕಳೆದರೆ ಒಂದೂ ಮುಕ್ಕಾಲು. ಅಷ್ಟರಲ್ಲಿ ಚೆಕ್ಕರ್ ನನ್ನ ಹೆಸರು ಕರೆದರು. ನಾನು ಪೇಪರು ಮಡಚಿ ಬೆಂಚಿನ ಮೇಲಿಟ್ಟು ಎದ್ದೆ.

ಮನೆಗೆ ಬರುವ ದಾರಿಯಲ್ಲಿ ಹೇಳಬೇಕೆಂದೇ ಇದ್ದೆ. ಇದನ್ನು ಯಾರೂ ನಂಬಬೇಕಾಗಿಲ್ಲ, ಆದರೆ ಇದು ಸತ್ಯ. ಅಂಗಳಕ್ಕೆ ಬಂದಾಗ ಅಮ್ಮ ಜಗಲಿಯಲ್ಲಿ ಪ್ರೇಮನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಊದಿದ ಹೆಬ್ಬೆರಳಿನಿಂದಲೇ, ಮೆಲ್ಲಗೆ, ಬೈತಲೆಯ ಉದ್ದಕ್ಕೂ. ನನ್ನ ತಲೆಗೆ ಅಮ್ಮ ಎಣ್ಣೆ ಹಚ್ಚಿ ಎಷ್ಟು ಕಾಲವಾಗಿತ್ತೋ. ಅಮ್ಮ ತಲೆ ಎತ್ತದೆಯೇ, "ಬಂದ್ಯಾ? ಎಲೆ ನೆನೆ ಹಾಕು" ಎಂದಳು. ನಾನು ಎಲೆ ನೆನೆ ಹಾಕಿದೆ. ಮರುದಿನವೂ ಹೇಳಲಿಲ್ಲ. ಬೇರೆ ಯಾರಾದರೂ ಹೇಳಿಯೇ ಹೇಳುತ್ತಾರೆ, ರಾಮಣ್ಣ ಮನೆ ಹತ್ತಿರದ ಅಂಗಡಿಗೆ ಫೋನು ಮಾಡಿಯೇ ಮಾಡುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ರಾಮಣ್ಣ, ವರ್ಷ ವರ್ಷ ಸ್ಟೇಷನ್ನಿಗೆ ಬರುವ ನಮಗೆ ಇದು ತಿಳಿಯದೆ ಇರುತ್ತದೆಯೇ ಎಂದು ಸುಮ್ಮನಿದ್ದರಂತೆ. ಮಾವನೂ ಹಾಗೆಯೇ. ಎಲ್ಲರಿಗೂ ಗೊತ್ತಿರುವ ವಿಷಯ ಎಂದುಕೊಂಡು ಎಲ್ಲರೂ ಬಿಟ್ಟರು. ಗೊತ್ತಿದ್ದೂ ಬಿಟ್ಟವಳು ನಾನೊಬ್ಬಳು.

ಶನಿವಾರ ಬೆಳಿಗ್ಗೆ ಅಮ್ಮ ಪತ್ರೊಡೆಗೆ ಕೂತಳು. ಮೊದಲ ಮಳೆಗೆ ಕೆಸುವಿನ ಎಲೆ ಬಂದಿತ್ತು. ಮಾವ ಊರಿಗೆ ಬರುವುದು ಬೇಸಗೆಯಲ್ಲಾದ್ದರಿಂದ ಎಷ್ಟೋ ವರ್ಷಗಳಿಂದ ಅವರಿಗೆ ಮನೆಯ ಪತ್ರೊಡೆ ಸಿಕ್ಕಿರಲಿಲ್ಲ. ಅಮ್ಮ ಎಲೆಯ ನಾರು ತೆಗೆದು, ಅಕ್ಕಿ ಅರೆದು ಹಚ್ಚಿ, ಸುರುಳಿ ಸುತ್ತಿ ಹಬೆಗೆ ಇಟ್ಟಾಗ ಹನ್ನೊಂದು ದಾಟಿತ್ತು. ಸೌದೆ ಒದ್ದೆಯಾಗಿ ಒಲೆ ಸರಿ ಉರಿಯುತ್ತಿರಲಿಲ್ಲ.

"ಜಲಜಾ, ಹನ್ನೊಂದೂವರೆಯ ಬಸ್ಸಿಗೆ ಹೋಗುವನಾ? ಇದು ಬೆಂದ ಹಾಗೆ ಕಾಣುದಿಲ್ಲ. ಹನ್ನೆರಡರದ್ದು ಸಾಕಾ?"

ಹನ್ನೊಂದೂವರೆಯ ಬಸ್ಸು ಹಿಡಿದರೆ ಒಂದೂಕಾಲಕ್ಕೆ ಮುಲ್ಕಿ. ಹನ್ನೆರಡರದ್ದಾದರೆ ಒಂದೂ ಮುಕ್ಕಾಲು ದಾಟುತ್ತದೆ. ನಾನು ಲೆಕ್ಕ ಹಾಕಿಯೇ ಉತ್ತರ ಕೊಟ್ಟೆ.

"ಮೂರೂಕಾಲಕ್ಕಲ್ವಾ ಅಮ್ಮ ರೈಲು. ಇನ್ನೂ ಎಷ್ಟು ಹೊತ್ತುಂಟು. ಬೇಯಲಿ."

ಅಲ್ಲಿಯವರೆಗೆ ನಾನು ಮಾಡಿದ್ದು ಸುಮ್ಮನಿದ್ದದ್ದು ಮಾತ್ರ. ಆ ಒಂದು ಮಾತು ಹೇಳಿದ ಮೇಲೆ ಅದು ಬೇರೆಯೇ ಆಯಿತು. ನಾವು ಹನ್ನೆರಡರ ಬಸ್ಸಿಗೆ ಹೊರಟೆವು. ಅಮ್ಮನ ಮಡಿಲಲ್ಲಿ ಬಾಳೆಲೆ ಸುತ್ತಿದ ಬಿಸಿ ಪತ್ರೊಡೆ, ನನ್ನ ಕೈಯಲ್ಲಿ ಪ್ರೇಮನ ಬ್ಯಾಗು, ಕಿಟಕಿಯ ಬದಿ ಪ್ರೇಮ. ಮುಲ್ಕಿಯಲ್ಲಿ ಬಸ್ಸಿಳಿದು ರಿಕ್ಷಾ ಮಾಡಿ ಸ್ಟೇಷನ್ನಿಗೆ ಬಂದಾಗ ಪ್ಲಾಟ್‌ಫಾರಮ್ಮಿನಲ್ಲಿ ಒಬ್ಬರೂ ಇರಲಿಲ್ಲ. ಕಟ್ಟು ಹಿಡಿದವರು ಒಬ್ಬರಾದರೂ ಇರಬೇಕಿತ್ತಲ್ಲ ಎಂದು ಅಮ್ಮ ಅತ್ತಿತ್ತ ನೋಡಿದಳು. ಹಸಿರು ಬಾವುಟ ಸುತ್ತಿಕೊಂಡು ಬರುತ್ತಿದ್ದ ಸ್ಟೇಷನ್ನಿನವರೊಬ್ಬರನ್ನು ಕೇಳಿದಳು.

"ಬೊಂಬಾಯಿಯದ್ದಾ? ಅದು ಹೋಗಿ ಹತ್ತು ನಿಮಿಷ ಆಯ್ತಲ್ಲಮ್ಮ. ಮಳೆಗಾಲದ ಟೈಮು ಶುರುವಾಗಿದೆ, ನಿಮಗೆ ಗೊತ್ತಿಲ್ವಾ? ಒಬ್ರು ಬಾಗಿಲಲ್ಲಿ ನಿಂತು ಪ್ರೇಮಾ ಪ್ರೇಮಾ ಅಂತ ಬೊಬ್ಬೆ ಹೊಡಿತಿದ್ರು. ಇವಳೇನಾ ಪ್ರೇಮ?"

ಪ್ರೇಮ ತಲೆಯಾಡಿಸಿದಳು. ಕೂಡಲೇ ಅಳಲಿಲ್ಲ. ಪ್ಲಾಟ್‌ಫಾರಮ್ಮಿನ ಅಂಚಿಗೆ ಹೋಗಿ ಉಡುಪಿಯ ಕಡೆ ಹಳಿಯನ್ನು ನೋಡುತ್ತಾ ನಿಂತಳು, ಅದು ಹಿಂದೆ ಬರಬಹುದೋ ಎಂಬಂತೆ. ಅಮ್ಮ ಸಿಮೆಂಟಿನ ಬೆಂಚಿನಲ್ಲಿ ಕೂತು ಬೆರಳು ಮಡಚಿ ಲೆಕ್ಕ ಹಾಕಿದಳು, ಮತ್ತೊಮ್ಮೆ ಹಾಕಿದಳು.

"ಹನ್ನೊಂದೂವರೆಯ ಬಸ್ಸಿಗೆ ಬಂದಿದ್ರೆ ಸಿಗ್ತಿತ್ತು," ಎಂದಳು. "ನಾನು. ನಾನು ಈ ಪತ್ರೊಡೆಗೆ ಕೂತು..."

ನಾನು ಅವಳ ಪಕ್ಕದಲ್ಲಿ ನಿಂತಿದ್ದೆ. ನನಗೆ ಆಗ ಏನನ್ನಿಸಿತು ಎಂದು ಬರೆಯದಿದ್ದರೆ ಇದನ್ನೆಲ್ಲ ಬರೆದು ಪ್ರಯೋಜನವಿಲ್ಲ. ಎದೆಯೊಳಗೆ ತಣ್ಣಗಾಯಿತು. ಮೂರು ವಾರ ಉರಿಯುತ್ತಿದ್ದದ್ದು ಆರಿತು. ಹಿಂದಿರುಗುವ ಬಸ್ಸಿನಲ್ಲಿ ಪ್ರೇಮ ನನ್ನ ಭುಜಕ್ಕೆ ಮುಖ ಒತ್ತಿ ಬಿಕ್ಕಿದಾಗ ನಾನು ಅವಳ ಬೆನ್ನು ಸವರಿದೆ. ಅವಳ ಮೇಲೆ ನನಗೆ ಎಷ್ಟೋ ದಿನಗಳ ಮೇಲೆ ನಿಜವಾಗಿ ಪ್ರೀತಿ ಬಂದಿತ್ತು. ಮನೆಯಲ್ಲಿ ಆ ಪತ್ರೊಡೆಯನ್ನು ಯಾರೂ ಮುಟ್ಟಲಿಲ್ಲ. ನಾನು ತಿಂದೆ. ಹಸಿವಾಗಿತ್ತು.

ಸಂಜೆ ಅಂಗಡಿಯಿಂದ ಮಾವನಿಗೆ ಫೋನು ಮಾಡಿದಾಗ ಅಮ್ಮ ತಾನಾಗಿಯೇ ಎಲ್ಲ ಹೇಳಿದಳು, ಒಲೆ, ಒದ್ದೆ ಸೌದೆ, ಹನ್ನೆರಡರ ಬಸ್ಸು. ಮಾವನ ಸ್ವರ ರಿಸೀವರಿನ ಹೊರಗೂ ಕೇಳುತ್ತಿತ್ತು.

"ನಿನ್ನ ಹತ್ರ ಪತ್ರೊಡೆ ಯಾರು ಕೇಳಿದ್ದು ಅಕ್ಕಾ? ನಾನು ಕೇಳಿದ್ನಾ?"

ಇನ್ನೊಂದು ಟಿಕೆಟ್ಟು ಆ ವಾರದಲ್ಲಿ ಸಿಗಲಿಲ್ಲ. ಶಾಲೆಯವರು ಕಾಯಲಿಲ್ಲ. ಬರುವ ವರ್ಷ ನೋಡುವ ಎಂದರು ಮಾವ. ಬರುವ ವರ್ಷದ ಹೊತ್ತಿಗೆ ಅತ್ತೆ, ಮಾವನ ಹೆಂಡತಿ, ಮಿಜಾರಿನಿಂದ ತನ್ನ ತಂಗಿಯ ಮಗಳನ್ನು ಕರೆಸಿಕೊಂಡಿದ್ದರು. ಆ ಹುಡುಗಿ ಈಗ ಅಲ್ಲೇ ಶಾಲೆಯೊಂದರಲ್ಲಿ ಟೀಚರ್.

ಹೊಟ್ಟೆಕಿಚ್ಚಿನಿಂದ ನಾನು ಪಡೆದದ್ದು ಏನು ಎಂದು ಕೇಳಿದರೆ, ಇನ್ನಷ್ಟು ಹೊಟ್ಟೆಕಿಚ್ಚು. ತನ್ನಿಂದ ಮಗಳಿಗೆ ಕೇಡಾಯಿತೆಂದು ಅಮ್ಮ ಅಂದಿನಿಂದ ಪ್ರೇಮನನ್ನು ಅಂಗೈಯಲ್ಲಿಟ್ಟು ಸಾಕಿದಳು. ಮಾವನ ಕೋಣೆ ಅವಳಿಗೇ ಆಯಿತು. ಬೀಡಿಯ ಮೊರ ಅವಳಿಗೆ ಮುಟ್ಟಲು ಬಿಡಲಿಲ್ಲ; ಹತ್ತನೆಯವರೆಗೆ ಓದಿಸಿ, ಆಮೇಲೆ ಪಿಯುಸಿಗೂ ಮೂಡುಬಿದಿರೆಗೆ ಕಳಿಸಿದಳು. ಆದರೆ ಪ್ರೇಮನ ಮನಸ್ಸು ಆ ಪ್ಲಾಟ್‌ಫಾರಮ್ಮಿನಲ್ಲೇ ಉಳಿದಿತ್ತು. ಓದಿನಲ್ಲಿ ಮೊದಲಿನ ಚುರುಕು ಬರಲಿಲ್ಲ, ಪಿಯುಸಿ ದಾಟಲಿಲ್ಲ. ಅಮ್ಮ ಏನು ಬುದ್ಧಿ ಹೇಳಹೋದರೂ ಅವಳ ಬಾಯಲ್ಲಿ ಒಂದೇ ಉತ್ತರ: "ನೀನು ಪತ್ರೊಡೆ ಬೇಯಿಸು." ಮತ್ತೆ ಎಂದೂ ಅಮ್ಮ ಪತ್ರೊಡೆ ಮಾಡಲಿಲ್ಲ. ಎಲ್ಲಿಗೆ ಹೋಗುವುದಿದ್ದರೂ ಗಂಟೆಗಳ ಮೊದಲೇ ಸೀರೆ ಉಟ್ಟು ಜಗಲಿಯಲ್ಲಿ ಕೂರುತ್ತಿದ್ದಳು. ನನ್ನ ಮದುವೆಯ ದಿನ ಬೆಳ್ತಂಗಡಿಯ ಹಾಲ್‌ಗೆ ಬಾಗಿಲು ತೆರೆಯುವ ಮೊದಲೇ ನಮ್ಮ ದಿಬ್ಬಣ ತಲುಪಿ, ಎಲ್ಲರೂ ಮೆಟ್ಟಿಲಲ್ಲಿ ಕೂತಿದ್ದೆವು. ಜನ ನಗುತ್ತಿದ್ದರು. ನಾನು ಅಮ್ಮನ ಮುಖ ನೋಡಲಾರದೆ ಬಳೆ ಎಣಿಸುತ್ತಿದ್ದೆ.

ಪ್ರೇಮನನ್ನು ಬಂಟ್ವಾಳಕ್ಕೆ ಕೊಟ್ಟೆವು. ಗಂಡ ಗೂಡ್ಸ್ ರಿಕ್ಷಾ ಓಡಿಸುತ್ತಾನೆ, ಅವಳು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಅವಳ ಮನೆಯಲ್ಲೇ ಇದ್ದಳು. ಆ ಮನೆಯ ಹಿಂದೆಯೇ ಬೆಂಗಳೂರಿನ ರೈಲು ಹೋಗುವ ಹಳಿ ಉಂಟು. ರೈಲು ದಾಟಿದಾಗಲೆಲ್ಲ ಅಮ್ಮ, "ಹೋಯ್ತು" ಎನ್ನುತ್ತಿದ್ದಳು. ಪ್ರೇಮ ಒಳಗಿನಿಂದ, "ಹೋಗದೆ ಎಂತ ಮಾಡ್ತದೆ? ಪತ್ರೊಡೆಗೆ ಕಾಯ್ತದಾ?" ಎನ್ನುತ್ತಿದ್ದಳು. ನಾನು ಅಲ್ಲಿಗೆ ಹೋದಾಗಲೆಲ್ಲ ಇದನ್ನು ಕೇಳಿದ್ದೇನೆ. ಕೇಳಿ, ಚಹಾ ಕುಡಿದು, ಬಸ್ಸು ಹತ್ತಿ ಬಂದಿದ್ದೇನೆ.

ಅಮ್ಮ ಹೋದ ವರ್ಷ ತೀರಿಕೊಂಡಳು. ಉತ್ತರಕ್ರಿಯೆಯ ಬೊಜ್ಜದ ಊಟದ ದಿನ ಬೊಂಬಾಯಿಯಿಂದ ಬಂದ ಮಾವ, ಈಗ ಕಿವಿ ಮಂದವಾದ ಮುದುಕ, ಹತ್ತಾರು ಜನರ ಮುಂದೆ ಅಕ್ಕನ ಗುಣಗಾನ ಮಾಡುತ್ತಾ, "ಪಾಪ, ನನಗೆ ಪತ್ರೊಡೆ ಮಾಡ್ಲಿಕ್ಕೆ ಹೋಗಿ ಮಗಳ ರೈಲನ್ನೇ ಬಿಟ್ಲು" ಎಂದು ಅಂದಿನ ಕಥೆ ಹೇಳಿದರು. ಎಲ್ಲರೂ ಕಣ್ಣೊರೆಸಿಕೊಂಡು ನಕ್ಕರು. ಪ್ರೇಮನೂ ನಕ್ಕಳು. ನಾನೂ ನಕ್ಕೆ. ಅಮ್ಮನ ಫೋಟೋದ ಎದುರು ನಾನು ನಕ್ಕದ್ದು ಆಮೇಲೆ ನನ್ನನ್ನು ಬಿಡಲಿಲ್ಲ. ಎರಡು ತಿಂಗಳು ತಡೆದೆ. ಒಂದು ಭಾನುವಾರ ಬೆಳಿಗ್ಗೆ ಬಂಟ್ವಾಳಕ್ಕೆ ಹೋದೆ. ಪ್ರೇಮ ಅಡುಗೆಮನೆಯ ಹೊರಗೆ ಮೀನು ಕೊಯ್ಯುತ್ತಿದ್ದಳು. ನಾನು ಎದುರು ಕೂತು ಪೇಪರಿನ ನಾಲ್ಕು ಸಾಲಿನಿಂದ ಶುರು ಮಾಡಿ, "ಬೇಯಲಿ" ಎಂದದ್ದರವರೆಗೆ ಒಂದೂ ಬಿಡದೆ ಹೇಳಿದೆ. ಅವಳು ಕೊಯ್ಯುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಕೇಳಿದಳು:

"ಅಮ್ಮನಿಗೆ ಗೊತ್ತಿತ್ತಾ?"

"ಇಲ್ಲ."

"ಕೊನೆಗೂ?"

"ಕೊನೆಗೂ ಇಲ್ಲ."

ಅವಳು ಕತ್ತಿಯನ್ನು ಕೆಳಗಿಟ್ಟಳು.

"ನನ್ನ ಬೊಂಬಾಯಿ ಹೋಯ್ತು, ಅದು ಬಿಡು. ಹೋಗಿದ್ರೆ ಎಂತ ಆಗ್ತಿತ್ತು ಯಾರಿಗೆ ಗೊತ್ತು? ನಾನು ಅಮ್ಮನಿಗೆ ಹೇಳಿದ್ದುಂಟಲ್ಲ, ಇಷ್ಟು ವರ್ಷ. ಆಸ್ಪತ್ರೆಯಲ್ಲಿ ಮಲಗಿದ್ದಾಗ ಸಹ ಹೇಳಿದೆ. ಅದನ್ನು ನಾನು ಈಗ ಯಾರ ಹತ್ರ ಹಿಂದೆ ತಕೊಳ್ಳಲಿ? ಹೇಳು. ನೀನು ಅಲ್ಲೇ ಕೂತು ಕೇಳ್ತಿದ್ದಿ ಅಲ್ವಾ?"

ಅವಳು ಕೈ ತೊಳೆದು, ಮೊಬೈಲು ತಂದು, ಮಾವನ ನಂಬರು ಒತ್ತಿ, ಸ್ಪೀಕರಿಗೆ ಹಾಕಿ ನನ್ನ ಮುಂದೆ ಹಿಡಿದಳು.

"ಬೊಜ್ಜದಲ್ಲಿ ನಗಾಡಿದ್ರಲ್ಲ, ಅವರಿಂದಲೇ ಶುರು ಮಾಡು."

ಮಾವನಿಗೆ ಮೊದಲ ಸಲ ಕೇಳಿಸಲಿಲ್ಲ. ಎರಡನೆಯ ಸಲವೂ ಇಲ್ಲ. "ಯಾರು? ಜಲಜನಾ? ಜೋರು ಹೇಳು ಮಗಾ, ಎಂತದು ಹೇಳ್ತಿ?" ಎನ್ನುತ್ತಿದ್ದರು. ಪಕ್ಕದ ಮನೆಯ ಹೆಂಗಸು ಬಟ್ಟೆ ಒಣಹಾಕುವುದನ್ನು ನಿಲ್ಲಿಸಿ ಬೇಲಿಯ ಆಚೆ ನಿಂತಳು. ಪ್ರೇಮನ ಗಂಡ ಹೊರಗೆ ಬಂದ. ಕೊನೆಗೆ ನಾನು ಆ ಅಂಗಳಕ್ಕೆಲ್ಲ ಕೇಳುವ ಹಾಗೆ ಕೂಗಿದೆ.

"ರೈಲು ತಪ್ಪಿದ್ದು ಅಮ್ಮನಿಂದ ಅಲ್ಲ ಮಾವ! ಟೈಮು ಬದಲಾದದ್ದು ನಂಗೆ ಗೊತ್ತಿತ್ತು! ನಾನು ಹೇಳ್ಲಿಲ್ಲ!"

ಕೇಳಿಸಲಿಲ್ಲವೇನೋ ಎಂದು ನಾನು ಮತ್ತೆ ಬಾಯಿ ತೆರೆದೆ.

"ಕೇಳಿಸ್ತು," ಎಂದರು ಮಾವ. "ಅವಳಿರುವಾಗ ಹೇಳ್ಬಾರ್ದಿತ್ತಾ ಮಗಾ?"

ಮೀನಿನ ಸಾರಾದ ಮೇಲೆ ಪ್ರೇಮ ಎಲ್ಲರಿಗೂ ಬಡಿಸಿದಳು, ನನಗೂ ಬಡಿಸಿದಳು. "ಇನ್ನೂ ಸ್ವಲ್ಪ ಅನ್ನ ಹಾಕುದಾ ಜಲಜಾ?" ಎಂದು ಕೇಳಿದಳು. ಅವಳ ಗಂಡ ತಲೆ ಎತ್ತಿ ಅವಳನ್ನು ನೋಡಿದ. ಅವಳು ಸೌಟು ಹಿಡಿದು ಉತ್ತರಕ್ಕಾಗಿ ಕಾಯುತ್ತಿದ್ದಳು. ಬೇಡ ಎಂದೆ. ಈಗಲೂ ವಾರಕ್ಕೊಮ್ಮೆ ಫೋನು ಮಾಡುತ್ತಾಳೆ, ಸೌಖ್ಯ ಕೇಳುತ್ತಾಳೆ, ಹಬ್ಬಕ್ಕೆ ಕರೆಯುತ್ತಾಳೆ. ಅಕ್ಕ ಎಂದು ಮಾತ್ರ ಕರೆಯುವುದಿಲ್ಲ.